ಬೆಣ್ಣೆ ಮಿಷನ್ ತಿರುಗಿಸಿದ ಕೈ

ದೆವ್ವ, ಗಾಳಿ, ಮಾಟ ಎಂಬ ಮಾತೆತ್ತಿದರೆ ನಗುವವರಲ್ಲಿ ನಾನೇ ಮೊದಲಿಗ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಹುಣಸೆಮರದಲ್ಲಿ ಏನೋ ಕಂಡಿತು ಎಂದು ಹುಡುಗರು ಬಂದರೆ, ಎಷ್ಟು ಹೊತ್ತಿನಲ್ಲಿ ಕಂಡಿತು, ಚಂದ್ರ ಯಾವ ದಿಕ್ಕಿಗಿದ್ದ, ನೀನು ಊಟ ಮಾಡಿದ್ದೆಯೋ ಹಸಿದಿದ್ದೆಯೋ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿ, ಅವರ ದೆವ್ವವನ್ನು ತರಗತಿಯ ಬಾಗಿಲಲ್ಲೇ ಓಡಿಸಿಬಿಡುತ್ತಿದ್ದೆ. ನನ್ನ ಹೆಂಡತಿ ಅಮಾವಾಸ್ಯೆಗೆ ನಿಂಬೆಹಣ್ಣು ಇಳಿ ತೆಗೆದರೆ, ಅದೇ ಹಣ್ಣಿನಲ್ಲಿ ಪಾನಕ ಮಾಡಿ ಕೊಡು ಎಂದು ರೇಗಿಸುತ್ತಿದ್ದೆ.

ಈಗಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಹಾಗಿದ್ದ ಮೇಲೆ ಇದನ್ನು ಬರೆಯುವುದೇಕೆ ಎಂದು ನೀವು ಕೇಳಬಹುದು, ಕೇಳಬೇಕಾದದ್ದೇ. ನನಗೆ ಇಪ್ಪತ್ತು ವರ್ಷವಿದ್ದಾಗ ಒಂದು ಬೆಳಗಿನ ಜಾವ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಹುಡುಗರಿಗೆ ಹಾಕುತ್ತಿದ್ದ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಹಾಕಿಕೊಂಡಿದ್ದೇನೆ. ಅದು ಮಾತ್ರ ಓಡಿಹೋಗಲಿಲ್ಲ. ಇಷ್ಟು ಕಾಲ ಯಾರಿಗೂ ಹೇಳದೆ ಇದ್ದದ್ದು ಹೆದರಿಕೆಯಿಂದಲ್ಲ, ನಾಚಿಕೆಯಿಂದ. ಅದನ್ನು ಹೇಳಬೇಕಾದರೆ ನಾನು ಹೇಳಿದ ಒಂದು ಸುಳ್ಳನ್ನೂ ಹೇಳಬೇಕಾಗುತ್ತದೆ. ಆ ಸುಳ್ಳಿನಿಂದ ನೋಯಬೇಕಾದವರು ಈಗ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಗೌರಿಬಿದನೂರಿಗೆ ಏಳೆಂಟು ಮೈಲಿ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ನನಗಿಂತ ಹನ್ನೆರಡು ವರ್ಷ ದೊಡ್ಡವನಾದ ಅಣ್ಣ ನಾರಾಯಣಪ್ಪನೇ ನನ್ನನ್ನು ಸಾಕಿದ. ನನಗೆ ಹನ್ನೊಂದು ತುಂಬಿದ ವರ್ಷ ಅವನಿಗೆ ಮದುವೆಯಾಯಿತು. ಅತ್ತಿಗೆಯ ಹೆಸರು ಅಶ್ವತ್ಥಮ್ಮ. ಹಿಂದೂಪುರದ ಕಡೆಯವಳು, ತವರಿನ ಮಾತು ತೆಲುಗು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದಳು, ಆದರೆ ಪ್ರೀತಿ ಬಂದಾಗ, ಗಾಬರಿಯಾದಾಗ ತೆಲುಗು ಬಂದುಬಿಡುತ್ತಿತ್ತು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ ಮಗೂ ಎನ್ನುವ ಹಾಗೆ 'ನಾಯನಾ' ಎನ್ನುತ್ತಿದ್ದಳು. ನಾನು ಅವಳನ್ನು ಏಕವಚನದಲ್ಲಿ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ತಾಯಿಗೆ ಯಾರೂ ಬಹುವಚನ ಹಚ್ಚುವುದಿಲ್ಲ.

ಐವತ್ತರ ದಶಕದಲ್ಲಿ ಅಣ್ಣ ಬೆಂಗಳೂರಿಗೆ ಹೋದವನು ಯಾವುದೋ ಅಂಗಡಿಯಲ್ಲಿ ಹಾಲಿನಿಂದ ಕೆನೆ ಬೇರೆ ಮಾಡುವ ಕೈಯಂತ್ರ ನೋಡಿ ಮರುಳಾದ. ಯಾರೋ ಬಳಸಿ ಬಿಟ್ಟಿದ್ದ ಹಳೆಯದೊಂದನ್ನು ಕೊಂಡು ರೈಲಿನಲ್ಲಿ ಗೌರಿಬಿದನೂರಿಗೆ ತಂದು, ಅಲ್ಲಿಂದ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದ. ದನದ ಹಟ್ಟಿಯ ಎದುರಿಗಿದ್ದ ಸಣ್ಣ ಕೋಣೆಯಲ್ಲಿ ಕಲ್ಲುಚಪ್ಪಡಿಯ ಮೇಲೆ ಅದನ್ನು ಬಿಗಿದದ್ದಾಯಿತು. ಊರಿನವರು ಅದಕ್ಕೆ ಬೆಣ್ಣೆ ಮಿಷನ್ ಎಂದರು. ಅದು ಬೆಣ್ಣೆ ಮಾಡುತ್ತಿರಲಿಲ್ಲ, ಬರೀ ಕೆನೆ ತೆಗೆಯುತ್ತಿತ್ತು, ಆದರೆ ಹೆಸರು ನಿಂತುಬಿಟ್ಟಿತು. ಹತ್ತು ಮನೆಗಳ ಹಾಲು ನಮ್ಮಲ್ಲಿಗೆ ಬರಲು ಶುರುವಾಯಿತು. ಸಂಜೆಯ ಕೆನೆ, ಬೆಳಗಿನ ಕೆನೆ ಸೇರಿಸಿ ಕಡೆದು, ಬೆಣ್ಣೆಯ ಡಬ್ಬವನ್ನು ನಾನು ಸೈಕಲ್ಲಿಗೆ ಕಟ್ಟಿಕೊಂಡು ಗೌರಿಬಿದನೂರು ಸ್ಟೇಷನ್ನಿಗೆ ಒಯ್ಯಬೇಕು. ಅಲ್ಲಿಂದ ಅದು ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು.

ಆ ಯಂತ್ರದ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೇಲೆ ಹಾಲು ಹಾಕುವ ದೊಡ್ಡ ಬೋಗುಣಿ, ಅದಕ್ಕೊಂದು ನಲ್ಲಿ. ಕೆಳಗೆ ಉಕ್ಕಿನ ಡಬ್ಬಿ, ಅದರೊಳಗೆ ಆಲಿಕೆಯಂತಹ ತೆಳು ತಗಡಿನ ಬಿಲ್ಲೆಗಳು ಒಂದರ ಮೇಲೊಂದು. ಪಕ್ಕದ ಹಿಡಿ ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಡಬ್ಬಿ ಬಹಳ ಜೋರಾಗಿ ಸುತ್ತುತ್ತದೆ. ಡಬ್ಬಿಗೆ ತಕ್ಕ ವೇಗ ಬಂದಮೇಲೆ ನಲ್ಲಿ ಬಿಟ್ಟರೆ ಒಂದು ಮೂತಿಯಿಂದ ಕೆನೆ, ಇನ್ನೊಂದರಿಂದ ತೆಳು ಹಾಲು ಬರುತ್ತದೆ. ವೇಗ ಸಾಕೋ ಸಾಲದೋ ತಿಳಿಯಲು ಹಿಡಿಯಲ್ಲೇ ಒಂದು ಪುಟ್ಟ ಗಂಟೆ ಇತ್ತು. ನಿಧಾನವಾಗಿ ತಿರುಗಿಸಿದರೆ ಸುತ್ತಿಗೊಮ್ಮೆ ಟಣ್ ಎನ್ನುತ್ತದೆ, ಸರಿಯಾದ ವೇಗ ಬಂದ ಕೂಡಲೇ ನಿಂತುಹೋಗುತ್ತದೆ. ಗಂಟೆ ಬಾರಿಸಿದರೆ ಕೆಲಸ ಕೆಟ್ಟಿದೆ ಎಂದು ಅರ್ಥ, ಸುಮ್ಮನಿದ್ದರೆ ಎಲ್ಲ ಸರಿ. ಕೈ ಬಿಟ್ಟಮೇಲೆ ಹಿಡಿ ಅಲ್ಲೇ ನಿಲ್ಲುತ್ತಿತ್ತು, ಒಳಗಿನ ಡಬ್ಬಿ ಮಾತ್ರ ಬಹಳ ಹೊತ್ತು ಗುಂಯ್ ಎಂದು ತಾನೇ ಸುತ್ತುತ್ತಿತ್ತು.

ಊರಿನ ಹೆಂಗಸರು ಅದನ್ನು ಮುಟ್ಟುತ್ತಿರಲಿಲ್ಲ. ಹಾಲು ಕಾಯಿಸಿ, ಹೆಪ್ಪು ಹಾಕಿ, ಮೊಸರು ಕಡೆದು ಬೆಣ್ಣೆ ತೆಗೆಯುವುದು ಅವರಿಗೆ ಗೊತ್ತಿದ್ದ ದಾರಿ. ಹಸಿ ಹಾಲಿನಿಂದಲೇ ಕೆನೆ ಎಳೆದರೆ ಹಾಲಿನ ಜೀವ ಎಳೆದ ಹಾಗೆ, ಹಸು ಬತ್ತುತ್ತದೆ, ಕರು ಸೊರಗುತ್ತದೆ ಎಂದು ಅವರ ನಂಬಿಕೆ. ಹಾಲು ಸುರಿದು, ಮಿಷನ್ ತಿರುಗುವುದನ್ನು ನೋಡದೆ ಸೆರಗು ಸರಿಮಾಡಿಕೊಂಡು ಹಿಂದಿರುಗುತ್ತಿದ್ದರು. ಅತ್ತಿಗೆ ನಕ್ಕು ಸುಮ್ಮನಾಗುತ್ತಿದ್ದಳು. ಅವಳಿಗೆ ಅದರ ಮೇಲೆ ವಿಚಿತ್ರವಾದ ಮಮತೆ. ಪ್ರತಿಸಲ ಬಿಲ್ಲೆಗಳನ್ನು ಬಿಸಿನೀರಿನಲ್ಲಿ ತೊಳೆದು, ತಂತಿಗೆ ಪೋಣಿಸಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದಳು. ಬಿಲ್ಲೆಗಳ ಮೇಲೆ ಅಂಕಿ ಕೊರೆದಿತ್ತು. ಆ ಕ್ರಮ ತಪ್ಪಿಸಿ ಜೋಡಿಸಿದರೆ ಯಂತ್ರ ಅದುರುತ್ತಿತ್ತು. ಓದು ಬಾರದ ಅತ್ತಿಗೆ ಅಂಕಿ ಕಲಿತದ್ದೇ ಆ ಬಿಲ್ಲೆಗಳಿಂದ.

ಅವಳು ತಿರುಗಿಸಿದರೆ ಗಂಟೆ ಒಂದು ನಿಮಿಷಕ್ಕೆಲ್ಲ ನಿಂತುಹೋಗುತ್ತಿತ್ತು, ಆಮೇಲೆ ಕೊನೆಯ ತೊಟ್ಟಿನವರೆಗೂ ಉಸಿರೆತ್ತುತ್ತಿರಲಿಲ್ಲ. ಬಲ ಹಾಕಿದ್ದೇನೂ ಕಾಣುತ್ತಿರಲಿಲ್ಲ, ಭುಜದಿಂದ ಒಂದೇ ಸಮನೆ ತಿರುಗಿಸುವ ಹದ ಅದು. ನನ್ನ ಕೈಯಲ್ಲಿ ಅದು ನಿಂತದ್ದೇ ಇಲ್ಲ. ನಾಲ್ಕು ಸುತ್ತು ಸುಮ್ಮನಿರುವುದು, ಮತ್ತೆ ಟಣ್ ಎನ್ನುವುದು. ಪೂಜೆ ಮುಗೀತಾ ನಾಯನಾ, ಮಂಗಳಾರತಿ ತಟ್ಟೆ ತರಲಾ ಎಂದು ಅವಳು ಅಡಿಗೆಮನೆಯಿಂದಲೇ ರೇಗಿಸುತ್ತಿದ್ದಳು.

ಮದುವೆಯಾಗಿ ಎಂಟು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಒಂಬತ್ತನೆಯ ವರ್ಷ ಅತ್ತಿಗೆ ಗರ್ಭಿಣಿಯಾದಳು. ಅಣ್ಣ ಆ ದಿನಗಳಲ್ಲಿ ಹೊಲದಲ್ಲಿ ಒಬ್ಬನೇ ಹಾಡಿಕೊಳ್ಳುತ್ತಿದ್ದುದನ್ನು ಕೇಳಿದವನು ನಾನು. ನಾಲ್ಕನೆಯ ತಿಂಗಳಿನಲ್ಲಿ ಸ್ವಲ್ಪ ರಕ್ತ ಕಂಡಿತು. ನೋಡಲು ಬಂದ ನರ್ಸಮ್ಮ, ಭಾರ ಎತ್ತಕೂಡದು, ಮಿಷನ್ ಅಂತೂ ಮುಟ್ಟಲೇಕೂಡದು ಎಂದು ಖಂಡಿತವಾಗಿ ಹೇಳಿಹೋದರು. ಅಂದೇ ಅಣ್ಣ ನನ್ನನ್ನು ಕರೆದು, "ಇನ್ಮೇಲೆ ಮಿಷನ್ ನಿಂದು ಕಣಪ್ಪ. ಅವಳು ಹಿಡಿ ಮುಟ್ಟಿದ್ಲು ಅಂತ ಆಗ್ಬಾರ್ದು" ಎಂದ. ಅಣ್ಣ ನನ್ನನ್ನು ಏನಾದರೂ ಕೇಳಿಕೊಂಡದ್ದು ಅದೇ ಮೊದಲು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ, ಅದಕ್ಕೂ ಅವನು ಒಂದು ಮಾತು ಆಡಿರಲಿಲ್ಲ.

ಎರಡು ತಿಂಗಳು ಒಂದು ಹೊತ್ತೂ ತಪ್ಪಿಸದೆ ತಿರುಗಿಸಿದೆ. ಗಂಟೆ ಬಾರಿಸುತ್ತಲೇ ಇತ್ತು, ಕೆನೆ ಕಡಿಮೆಯಾಯಿತು, ಯಾರೂ ಗೊಣಗಲಿಲ್ಲ. ಆಮೇಲೆ ಆ ದಿನ ಬಂತು.

ಅಂದು ಅಣ್ಣ ದನಗಳಿಗೆ ಕಡ್ಲೆಕಾಯಿ ಹಿಂಡಿ ತರಲು ಚಿಂತಾಮಣಿಗೆ ಹೋಗಿದ್ದ. ನಾನು ಎಂದಿನಂತೆ ಬೆಳಿಗ್ಗೆ ಬೆಣ್ಣೆ ಡಬ್ಬ ರೈಲಿಗೆ ಹಾಕಿದೆ. ಗೌರಿಬಿದನೂರಿನಲ್ಲಿ ಟೆಂಟ್ ಸಿನಿಮಾ ಬಂದಿತ್ತು. ಇಬ್ಬರು ಸ್ನೇಹಿತರು ಸಿಕ್ಕಿದರು, ಹರಟೆಯಲ್ಲಿ ಮಧ್ಯಾಹ್ನವಾಯಿತು. ಅಂದು ಮಧ್ಯಾಹ್ನವೂ ಒಂದು ಆಟ ಇದೆ, ಅದು ಮುಗಿದ ಮೇಲೆ ಹೊರಟರೂ ಸಂಜೆಯ ಹಾಲಿನ ಹೊತ್ತಿಗೆ ಮನೆ ಸೇರಬಹುದು ಎಂದು ಲೆಕ್ಕ ಹಾಕಿದೆ. ಆಟ ಶುರುವಾದದ್ದೇ ತಡವಾಗಿ, ನಡುವೆ ಎರಡು ಸಲ ರೀಲು ಕಿತ್ತಿತು. ಎದ್ದು ಬರಬಹುದಾಗಿತ್ತು. ಬರಲಿಲ್ಲ. ಕತೆಯ ಕೊನೆ ನೋಡುವ ಆಸೆ, ಅಷ್ಟೇ. ಆ ಸಿನಿಮಾದ ಕೊನೆ ಏನೆಂಬುದು ಇವತ್ತು ನನಗೆ ನೆನಪಿಲ್ಲ.

ಮನೆಗೆ ಬಂದಾಗ ದೀಪ ಹಚ್ಚಿಯಾಗಿತ್ತು. ಅತ್ತಿಗೆ ಕೋಣೆಯ ಮುಂದೆ ಕುಳಿತು ಬಿಲ್ಲೆಗಳನ್ನು ತೊಳೆಯುತ್ತಿದ್ದಳು. ಹತ್ತು ಮನೆಯ ಹಾಲು ಬಂದಿತ್ತು, ಬೇಸಿಗೆಯ ದಿನ, ಬಿಟ್ಟರೆ ಒಡೆದುಹೋಗುತ್ತದೆ. ಅಷ್ಟನ್ನೂ ಅವಳೇ ತಿರುಗಿಸಿ ಮುಗಿಸಿದ್ದಳು. ನನ್ನ ಮುಖ ನೋಡಿ ಅವಳಿಗೇ ಕನಿಕರವಾಯಿತೇನೋ, "ಏಂ ಕಾದುಲೇ ನಾಯನಾ, ಏನೂ ಆಗಲ್ಲ. ನಿಮ್ಮಣ್ಣಂಗೆ ಹೇಳ್ಬೇಡ, ಸುಮ್ನೆ ಕೂಗಾಡ್ತಾರೆ" ಎಂದಳು. ಬಿಲ್ಲೆಗಳನ್ನು ತಂತಿಗೆ ಪೋಣಿಸಿ ಮೊಳೆಗೆ ಹಾಕಿ, ಚಿಲಕ ಹಾಕಿ ಬಂದಳು. ನನಗೆ ಬಡಿಸುವಾಗ ಒಂದು ಸಲ ಗೋಡೆ ಹಿಡಿದು ನಿಂತಳು.

ಅಣ್ಣ ಕೊನೆಯ ಬಸ್ಸಿಗೆ ಬರುವಷ್ಟರಲ್ಲಿ ಅವಳಿಗೆ ನೋವು ಹತ್ತಿತ್ತು. ಚಾಪೆಯ ಮೇಲೆ ಮಂಡಿ ಮಡಿಚಿಕೊಂಡು ಮಲಗಿದ್ದಳು. ಅಣ್ಣ ನನ್ನ ಕಡೆ ತಿರುಗಿ, "ಇವತ್ತು ಯಾರು ತಿರುಗ್ಸಿದ್ದು?" ಎಂದು ಕೇಳಿದ. ಅವನ ಕಣ್ಣು ನೋಡಿ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ನಾನೇ."

ಅಣ್ಣ ಅವಳ ಮುಖ ನೋಡಿದ. ನಾನೂ ನೋಡಿದೆ. ಅತ್ತಿಗೆ ಕಣ್ಣು ತೆರೆದು, ತಡವರಿಸದೆ, "ಹೌದು, ನಾಯನನೇ ತಿರುಗ್ಸಿದ. ನಾನು ಆ ಕಡೆ ಹೋಗೇ ಇಲ್ಲ" ಎಂದಳು.

ಗಾಡಿ ಕಟ್ಟಿಕೊಂಡು ಗೌರಿಬಿದನೂರಿಗೆ ಹೋದೆವು. ಕೂಸು ಹುಟ್ಟುವಾಗಲೇ ಜೀವವಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅತ್ತಿಗೆಯೂ ಹೋದಳು. ಡಾಕ್ಟರು ಮಾಡಬೇಕಾದ್ದೆಲ್ಲ ಮಾಡಿದರು. ಕೆಲಸ ಮಾಡಿದ್ದಕ್ಕೇ ಹೀಗಾಯಿತೇ ಎಂದು ನಾನು ಅವರನ್ನು ಒಬ್ಬರೇ ಸಿಕ್ಕಾಗ ಕೇಳಿದೆ. ಹಾಗೆಂದು ಯಾರೂ ಹೇಳಲಾರರು, ಮೊದಲೇ ತೊಂದರೆಯಿದ್ದ ಗರ್ಭ ಎಂದರು. ಅವರ ಮಾತು ನಿಜವಿರಬಹುದು. ಅದು ನನಗೆ ಯಾವತ್ತೂ ಸಮಾಧಾನ ತಂದಿಲ್ಲ.

ನಮ್ಮ ಕಡೆ ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪ ಬಿಡುವ ಪದ್ಧತಿ. ಸಮಾಧಿಯ ಮೇಲೆ ಹಾಲು, ತುಪ್ಪ ಎರೆದು ಹೋದವರ ಬಾಯಾರಿಕೆ ತೀರಿಸುವುದು. ಹಿಂದಿನ ದಿನ ಸಂಜೆ ಊರಿನ ಹಿರಿಯರು ಜಗಲಿಯಲ್ಲಿ ಕೂತು ಒಂದು ತಕರಾರು ತೆಗೆದರು. ನಮ್ಮ ಮನೆಯಲ್ಲಿರುವುದೆಲ್ಲ ಮಿಷನ್ ತುಪ್ಪ, ಹೆಪ್ಪು ಕಾಣದ ಹಾಲಿನದು, ಅದು ಸತ್ತವರಿಗೆ ಸಲ್ಲುವುದಿಲ್ಲ, ಮೊಸರು ಕಡೆದ ತುಪ್ಪ ಯಾರ ಮನೆಯಿಂದಲಾದರೂ ತರಬೇಕು ಎಂದರು. ಅಣ್ಣ ಗೋಡೆಗೆ ಒರಗಿ, ಹೂಂ, ನೀವು ಹೇಳಿದ ಹಾಗೆ ಎಂದ. ಅತ್ತಿಗೆ ಕೈಯಾರೆ ಮಾಡಿದ ತುಪ್ಪ ಎರಡು ಜಾಡಿ ತುಂಬ ಒಳಗಿತ್ತು. ಆದರೆ ಬಾಯಿ ತೆರೆಯುವ ಯೋಗ್ಯತೆ ನನಗೆಲ್ಲಿತ್ತು?

ಮೂರನೆಯ ದಿನ ಬೆಳಿಗ್ಗೆ, ಇನ್ನೂ ಮಬ್ಬುಗತ್ತಲೆ ಇದ್ದಾಗ ನಾನು ಎದ್ದು ಹಸು ಕರೆಯಲು ಹಟ್ಟಿಗೆ ಹೋದೆ. ಮನೆಯಲ್ಲಿ ಸಾವಾಗಿದೆ ಎಂದು ಕೆಚ್ಚಲು ಕಾಯುವುದಿಲ್ಲವಲ್ಲ. ಎರಡು ದಿನ ಪಕ್ಕದ ಮನೆಯವರು ಕರೆದುಕೊಟ್ಟಿದ್ದರು. ಅಂದು ಯಾರೂ ಏಳುವ ಮುಂಚೆ ನಾನೇ ಕರೆಯೋಣ ಎನ್ನಿಸಿತು. ಎರಡು ಹಸು ಕರೆದು ಮೂರನೆಯದರ ಬುಡದಲ್ಲಿ ಕೂತಿದ್ದೆ. ಬಿಂದಿಗೆ ಮುಕ್ಕಾಲು ತುಂಬಿತ್ತು.

ಆಗ ಗಂಟೆ ಕೇಳಿಸಿತು.

ಟಣ್. ಸ್ವಲ್ಪ ಬಿಟ್ಟು ಮತ್ತೆ ಟಣ್. ಅಂಗಳದ ಆಚೆಯ ಮಿಷನ್ ಕೋಣೆಯಿಂದ. ಆಮೇಲೆ ಬೇಗ ಬೇಗ ಬಂತು. ನನ್ನ ಕೈ ಕೆಚ್ಚಲಿನ ಮೇಲೇ ನಿಂತುಬಿಟ್ಟಿತು. ಅಣ್ಣ ಎದ್ದು ತಿರುಗಿಸುತ್ತಿದ್ದಾನೆ, ದುಃಖದಲ್ಲಿ ಏನೋ ಮಾಡುತ್ತಿದ್ದಾನೆ ಎಂದುಕೊಂಡೆ. ಬೇರೆ ಏನೂ ತಲೆಗೆ ಬರಲಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ಗಂಟೆ ಇನ್ನೂ ಜೋರಾಯಿತು, ಒಂದರ ಹಿಂದೆ ಒಂದು ಹತ್ತಿಕೊಂಡು ಬಂತು. ಆಮೇಲೆ ನಿಂತಿತು.

ನಿಂತದ್ದು ನಿಂತೇ ಹೋಯಿತು. ಮತ್ತೆ ಬಾರಿಸಲಿಲ್ಲ. ಅಣ್ಣನಿಗೆ ಆ ಹದ ಇರಲಿಲ್ಲ. ನಮ್ಮ ಮನೆಯಲ್ಲಿ ಗಂಟೆಯನ್ನು ಹಾಗೆ ಸುಮ್ಮನಾಗಿಸುವ ಕೈ ಒಂದೇ ಒಂದಿತ್ತು. ಅದನ್ನು ಎರಡು ದಿನದ ಹಿಂದೆ ನಾನೂ ಒಂದು ಹಿಡಿ ಮಣ್ಣು ಹಾಕಿ ಮುಚ್ಚಿ ಬಂದಿದ್ದೆ.

ಬಿಂದಿಗೆ ಹಿಡಿದುಕೊಂಡೇ ಅಂಗಳ ದಾಟಿದೆ. ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಚಿಲಕ ತೆಗೆದೆ. ಒಳಗೆ ಯಾರೂ ಇರಲಿಲ್ಲ. ಕಿಟಕಿಯ ಕಂಬಿಗಳ ನಡುವೆ ಬೆಳಕು ಆಗಷ್ಟೇ ಬರುತ್ತಿತ್ತು. ಹಿಡಿ ಕೆಳಮುಖವಾಗಿ ನಿಂತಿತ್ತು, ಅಲುಗುತ್ತಿರಲಿಲ್ಲ. ಆದರೆ ಡಬ್ಬಿ ಗುಂಯ್ ಎಂದು ಸುತ್ತುತ್ತಿತ್ತು, ಪೂರ್ತಿ ವೇಗದಲ್ಲಿ. ಯಂತ್ರದ ಮೈ ಮುಟ್ಟಿ ನೋಡಿದೆ, ಅಂಗೈಗೆ ಅದರ ಸಣ್ಣ ಕಂಪನ ಹತ್ತಿತು. ಬೋಗುಣಿ ಖಾಲಿ, ನಲ್ಲಿ ಮುಚ್ಚಿತ್ತು. ಅತ್ತಿಗೆ ಯಾವಾಗಲೂ ಹಾಗೆಯೇ ಮಾಡುತ್ತಿದ್ದಳು. ಮೊದಲು ಡಬ್ಬಿಗೆ ವೇಗ ಬರಿಸುವುದು, ಆಮೇಲೆ ನನ್ನನ್ನು ಕರೆದು ಹಾಲು ಹುಯ್ಯಿಸಿಕೊಳ್ಳುವುದು.

ಹೆದರಿ ಓಡಿದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ನಾನು ಓಡಲಿಲ್ಲ. ಯಾರೋ ನನ್ನನ್ನು ಕಾಯುತ್ತಿದ್ದಾರೆ, ತಡ ಮಾಡಿದರೆ ಮತ್ತೆ ತಪ್ಪಾಗುತ್ತದೆ ಎಂದಷ್ಟೇ ಅನ್ನಿಸಿತು. ಕೆನೆಗೆ ಚೊಂಬು ಇಟ್ಟೆ, ತೆಳು ಹಾಲಿಗೆ ಕೊಳಗ ಇಟ್ಟೆ. ಬಿಂದಿಗೆಯ ಬೆಚ್ಚಗಿನ ಹಾಲನ್ನು ಬೋಗುಣಿಗೆ ಸುರಿದು, ಹಿಡಿ ಹಿಡಿದು ತಿರುಗಿಸುತ್ತ ನಲ್ಲಿ ಬಿಟ್ಟೆ. ಹಿಡಿ ಭಾರವಾಗಿರಲಿಲ್ಲ. ಕೆನೆ ದಾರದಂತೆ ಇಳಿಯಿತು. ಗಂಟೆ ಒಂದು ಸಲವೂ ಬಾರಿಸಲಿಲ್ಲ. ನನಗೆ ಅಳು ಬಂತು. ಅತ್ತಿಗೆ ಹೋದಮೇಲೆ ನಾನು ಅತ್ತದ್ದು ಆವಾಗಲೇ ಮೊದಲು. ಅಳುತ್ತಲೇ ತಿರುಗಿಸಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ ನಿಂತಿದ್ದ. ಮೈಮೇಲೆ ಪಂಚೆ ಬಿಟ್ಟರೆ ಏನೂ ಇಲ್ಲ, ಏದುಸಿರು ಬಿಡುತ್ತಿದ್ದ. ನನ್ನನ್ನು ನೋಡಿ ಅವನ ಮುಖ ಹೇಗೋ ಆಯಿತು. ಹತ್ತಿರ ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಹಾಲು ಮುಗಿಯುವವರೆಗೂ ನಿಂತ. ಆಮೇಲೆ ಕೆನೆಯ ಚೊಂಬು ಎತ್ತಿಕೊಂಡು ಅಂಗಳಕ್ಕೆ ಹೋದ. ಮೂರು ಕಲ್ಲು ಹೂಡಿ, ತಾನೇ ಬೆಂಕಿ ಮಾಡಿ, ಆ ಕೆನೆಯನ್ನೇ ಕಾಯಿಸಿ ತುಪ್ಪ ಮಾಡಿದ. ಹಿರಿಯರು ಬಂದು ನೋಡಿ ಮುಖ ಗಂಟಿಕ್ಕಿದರು.

"ಇದೇ ಬಿಡೋದು," ಎಂದ ಅಣ್ಣ. "ಅವಳ ಮಿಷನ್ನು, ನನ್ನ ತಮ್ಮನ ಕೈಯಿ. ಬೇರೆ ತುಪ್ಪ ಅವಳಿಗೆ ಬೇಕಿಲ್ಲ."

ಅದನ್ನೇ ಎರೆದೆವು. ಬಿಸಿ ಆರದ ತುಪ್ಪ ಹಸಿ ಮಣ್ಣಿನಲ್ಲಿ ಇಂಗಿಹೋಯಿತು.

ಇನ್ನು ನನ್ನ ಪ್ರಶ್ನೆಗಳು. ಆ ಯಂತ್ರಕ್ಕೆ ವೇಗ ಬರಬೇಕಾದರೆ ದೊಡ್ಡವರು ಯಾರಾದರೂ ಒಂದು ನಿಮಿಷವಾದರೂ ಮೈಬಗ್ಗಿಸಿ ತಿರುಗಿಸಬೇಕು. ಇಲಿ, ಬೆಕ್ಕು, ಗಾಳಿಯಿಂದ ಆಗುವ ಕೆಲಸವಲ್ಲ. ಊರಿನವರು ಮುಟ್ಟುತ್ತಿರಲಿಲ್ಲ, ಅವರಿಗೆ ತಿರುಗಿಸಲೂ ಬಾರದು. ಯಾರೋ ಬಂದು ತಿರುಗಿಸಿ ಚಿಲಕ ಹಾಕಿ ಹೋದರೇ? ಹಸುವಿನ ಬುಡದಲ್ಲಿ ಕೂತಾಗ ನನ್ನ ಬೆನ್ನು ಅಂಗಳಕ್ಕಿತ್ತು, ಆದ್ದರಿಂದ ಸಾಧ್ಯವೇ ಇಲ್ಲ ಎನ್ನಲಾರೆ. ಆದರೆ ಗಂಟೆ ನಿಂತದ್ದಕ್ಕೂ ನಾನು ಬಾಗಿಲಿಗೆ ಬಂದದ್ದಕ್ಕೂ ನಡುವೆ ಇದ್ದದ್ದು ಹತ್ತು ಹದಿನೈದು ಹೆಜ್ಜೆ. ಇನ್ನೊಂದು ವಿಷಯ ಅಂದು ಸಂಜೆ ಹೊಳೆಯಿತು. ಅತ್ತಿಗೆ ಬಿಲ್ಲೆಗಳನ್ನು ತೊಳೆದು ಮೊಳೆಗೆ ನೇತುಹಾಕಿದ್ದನ್ನು ನಾನೇ ನೋಡಿದ್ದೆ. ಆಮೇಲೆ ಯಂತ್ರ ಬಳಸಿರಲಿಲ್ಲ. ಬೆಳಿಗ್ಗೆ ನಾನು ಹಾಲು ಸುರಿದಾಗ ಬಿಲ್ಲೆಗಳು ಡಬ್ಬಿಯೊಳಗೆ ಕ್ರಮವಾಗಿ ಕೂತಿದ್ದವು, ಇಲ್ಲದಿದ್ದರೆ ಕೆನೆ ಬರುವುದೇ ಇಲ್ಲ. ಜೋಡಿಸಿದವರು ಯಾರು? ನಾನು ಜೋಡಿಸಿದ ನೆನಪಿಲ್ಲ. ನಿದ್ದೆಯಿಲ್ಲದ ಆ ಮೂರು ದಿನಗಳಲ್ಲಿ ನಾನೇ ಎದ್ದುಹೋಗಿ ಜೋಡಿಸಿದ್ದೆನೇ, ನಾನೇ ತಿರುಗಿಸಿ ಬಂದು ಹಸುವಿನ ಹತ್ತಿರ ಕೂತಿದ್ದೆನೇ, ಗಂಟೆ ಕೇಳಿಸಿದ್ದೆಲ್ಲ ನನ್ನ ತಲೆಯೊಳಗೆಯೇ? ಬಹಳ ವರ್ಷ ಈ ಉತ್ತರವನ್ನೇ ಹಿಡಿದುಕೊಂಡಿದ್ದೆ. ಮನುಷ್ಯನ ಮನಸ್ಸು ಅಂತಹ ಆಟ ಆಡುತ್ತದೆ ಎಂದು ಪುಸ್ತಕಗಳಲ್ಲಿ ಓದಿ ಸಮಾಧಾನ ಮಾಡಿಕೊಂಡಿದ್ದೆ.

ಅಣ್ಣ ಆ ವರ್ಷವೇ ಯಂತ್ರ ಮಾರಿಬಿಟ್ಟ. ನಾನು ಹಟ ಹಿಡಿದು ಪರೀಕ್ಷೆ ಪಾಸು ಮಾಡಿದೆ, ಕಾಲೇಜು ಓದಿದೆ, ಚಿಕ್ಕಬಳ್ಳಾಪುರದಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಅಣ್ಣ ಮತ್ತೆ ಮದುವೆಯಾಗಲಿಲ್ಲ. ನೆಂಟರು ಸೇರಿದಲ್ಲೆಲ್ಲ ಅವನದೊಂದು ಮಾತು ಇದ್ದೇ ಇರುತ್ತಿತ್ತು. ಹಾಲುತುಪ್ಪದ ದಿನ ಯಾರೂ ಹೇಳದೆ ನನ್ನ ತಮ್ಮ ತಾನಾಗಿ ಎದ್ದು ಅವಳಿಗಾಗಿ ಮಿಷನ್ ತಿರುಗಿಸಿದ, ಅಂಥ ಮೈದುನ ಯಾರಿಗೆ ಸಿಗುತ್ತಾನೆ ಎನ್ನುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ. ನೋಡಿದವರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಅರವತ್ತರ ದಶಕದ ನಡುವಿನಲ್ಲಿ ಒಂದು ಭಾನುವಾರ ಅಣ್ಣ ನನ್ನ ಮನೆಗೆ ಬಂದಿದ್ದ. ದ್ರಾಕ್ಷಿ ಹಾಕುವ ಯೋಚನೆಯಿತ್ತು ಅವನಿಗೆ. ಬಳ್ಳಿ ನೋಡಲು ಇಬ್ಬರೂ ನಂದಿಗೆ ಹೋಗಿ, ಮಧ್ಯಾಹ್ನ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ರೈಲಿಗೆ ಕಾಯುತ್ತ ಕೂತಿದ್ದೆವು. ಅಣ್ಣ ಕಡ್ಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದ, ಚಿಕ್ಕವನಿದ್ದಾಗ ಹಾಕುತ್ತಿದ್ದ ಹಾಗೆ. ಇದ್ದಕ್ಕಿದ್ದಂತೆ ಮಾತು ತೆಗೆದ.

"ನಿಂಗೆ ಒಂದು ಮಾತು ಹೇಳೇ ಇಲ್ಲ ಕಣೋ. ಅವತ್ತು ಬೆಳಿಗ್ಗೆ ಮಲಗಿದ್ದೆ, ಗಂಟೆ ಹೊಡ್ಕೊಳ್ಳೋದು ಕೇಳಿಸ್ತು. ಮೊದ್ಲು ನಿಧಾನಕ್ಕೆ, ಆಮೇಲೆ ಜೋರಾಗಿ, ಆಮೇಲೆ ನಿಂತೇ ಹೋಯ್ತು. ಅವಳೇ ಬಂದವ್ಳೆ ಅನ್ಕೊಂಡೆ. ಏಳೋಣ ಅಂದ್ರೆ ಕಾಲೇ ಬರ್ಲಿಲ್ಲ. ಹೆಂಗೋ ಎದ್ದು ಓಡಿ ಬಂದು ನೋಡಿದ್ರೆ, ನೀನು."

ಅಣ್ಣ ನಕ್ಕ. ಕಣ್ಣು ಒರೆಸಿಕೊಂಡ.

"ಒಂದು ಗಳಿಗೆ ನಿನ್ನ ಮೇಲೆ ಕೋಪಾನೇ ಬಂತು, ಅವಳು ಯಾಕಾಗ್ಲಿಲ್ಲ ಅಂತ. ಆಮೇಲೆ ಸಮಾಧಾನ ಆಯ್ತಪ್ಪ. ನೀನು ತಿರುಗ್ಸಿದ್ರೆ ಗಂಟೆ ನಿಲ್ಲಲ್ಲ ಅಂತ ಅವಳು ನಗಾಡ್ತಿದ್ಲು. ಸುಮ್ನೆ ಹಂಗಂತಿದ್ಲು. ಎಷ್ಟು ಚೆನ್ನಾಗಿ ತಿರುಗಿಸ್ತಿದ್ದೆ ನೀನು. ಅವಳಿಗೆ ಕಷ್ಟ ಕೊಟ್ಟಿರಲ್ಲ ನನ್ನ ತಮ್ಮ ಅಂತ ಅವತ್ತೇ ಗೊತ್ತಾಯ್ತು."

ಗಂಟೆ ನನ್ನ ತಲೆಯೊಳಗೆ ಬಾರಿಸಿರಲಿಲ್ಲ. ಅಣ್ಣನಿಗೂ ಕೇಳಿಸಿತ್ತು. ನನ್ನ ಪುಸ್ತಕದ ಸಮಾಧಾನವೆಲ್ಲ ಆ ಬೆಂಚಿನ ಮೇಲೆ ಮುಗಿದುಹೋಯಿತು.

ಅದು ನಾನಲ್ಲ ಅಣ್ಣ ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅವನು ಎದ್ದುಬಿದ್ದು ಓಡಿ ಬಂದದ್ದು ಯಾವುದಕ್ಕೋ ಅದು ಅವನಿಗೆ ಸಿಕ್ಕಿಬಿಡುತ್ತಿತ್ತು. ನೀನು ಮೊದಲು ಅಂದುಕೊಂಡದ್ದೇ ಸರಿ, ನಾನು ಬಂದದ್ದು ಆಮೇಲೆ ಎಂದು ಹೇಳಬಹುದಿತ್ತು. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಮಾತು ಬರಬೇಕಾಗಿತ್ತು. ಗಂಟೆ ನಿಲ್ಲಿಸುವ ಕೈ ನನ್ನದಲ್ಲ ಎಂದಮೇಲೆ, ಆ ಸಂಜೆ ಹತ್ತು ಮನೆಯ ಹಾಲನ್ನು ತಿರುಗಿಸಿದ ಕೈಯೂ ನನ್ನದಲ್ಲ ಎನ್ನಬೇಕಾಗಿತ್ತು. ಅವನ ಮುಖ ನೋಡಿದೆ. ಇಷ್ಟು ವರ್ಷ ಅವನು ಒಂದೇ ನಂಬಿಕೆಯ ಮೇಲೆ ಬದುಕಿದ್ದ. ಅದನ್ನು ಕೆಡವುವ ಧೈರ್ಯ ನನಗಿರಲಿಲ್ಲ. ಅವನಿಗಾಗಿ ಸುಮ್ಮನಾದೆನೋ ನನಗಾಗಿ ಸುಮ್ಮನಾದೆನೋ, ಅದೂ ನನಗೆ ತಿಳಿಯದು.

ರೈಲು ಬರೋ ಹೊತ್ತಾಯ್ತು ಅಣ್ಣ ಎಂದೆ. ಅವನು ಸಿಪ್ಪೆ ಕೊಡವಿಕೊಂಡು ಎದ್ದ.

ಅಣ್ಣ ಹೋಗಿ ಬಹಳ ವರ್ಷವಾಯಿತು. ಆ ಬೆಳಿಗ್ಗೆ ಮಿಷನ್ ತಿರುಗಿಸಿದವರು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆಯೇ ಆಗಿದ್ದರೆ, ನನಗೋಸ್ಕರ ಹೇಳಿದ ಸುಳ್ಳನ್ನು ನಿಜ ಮಾಡಲು ಬಂದಳೋ, ನನ್ನ ಬಾಯಿಂದ ನಿಜ ಹೊರಡಿಸಲು ಬಂದಳೋ ಎಂಬುದೂ ಗೊತ್ತಿಲ್ಲ. ನಾನಲ್ಲ ಎಂಬುದೊಂದು ಗೊತ್ತು. ಅದನ್ನು ಇಷ್ಟು ಉದ್ದಕ್ಕೆ ನಿಮಗೆ ಹೇಳಿಬಿಟ್ಟೆ. ಕೇಳಬೇಕಾಗಿದ್ದವನು ನನ್ನ ಪಕ್ಕದಲ್ಲೇ ಕೂತು ಕಡ್ಲೆಕಾಯಿ ಸುಲಿದುಕೊಡುತ್ತಿದ್ದ.